ಮುಖಕ್ಕೊಂದು ವಯಸ್ಸು, ಮೈಗೊಂದು ವಯಸ್ಸು: ಲಡ್ಲೋ ಬೀದಿಯನ್ನು ಓದುವ ಬಗೆ

ಇಂಗ್ಲೆಂಡಿನ ಪಶ್ಚಿಮಕ್ಕೆ, ವೇಲ್ಸ್ ಗಡಿಗೆ ತಾಗಿಕೊಂಡು ಶ್ರಾಪ್‌ಶೈರ್ ಇದೆ. ಅದರ ದಕ್ಷಿಣದ ತುದಿಯಲ್ಲಿ, ಟೀಮ್ ನದಿ ಸುತ್ತಿಕೊಂಡು ಹರಿಯುವ ಗುಡ್ಡದ ಮೇಲೆ ಲಡ್ಲೋ ಎಂಬ ಸಂತೆ ಊರು. ಹತ್ತು ಸಾವಿರದಷ್ಟು ಜನ, ಒಂದು ಪಾಳುಬಿದ್ದ ಕೋಟೆ, ಊರಿಗೆ ಮೀರಿದ ಎತ್ತರದ ಗೋಪುರವಿರುವ ಒಂದು ಚರ್ಚು, ಮತ್ತು ಕಾನೂನಿನ ರಕ್ಷಣೆಯ ಪಟ್ಟಿಯಲ್ಲಿರುವ ಸುಮಾರು 500 ಕಟ್ಟಡಗಳು. ಇಷ್ಟು ಚಿಕ್ಕ ಊರಿಗೆ ಇದು ಬಹಳ ದೊಡ್ಡ ಸಂಖ್ಯೆ.

ಊರಿನ ನಡುವಿನಿಂದ ನದಿಯ ಕಡೆಗೆ ಇಳಿಯುವ ಬ್ರಾಡ್ ಸ್ಟ್ರೀಟ್ ಅಲ್ಲಿನ ಹೆಮ್ಮೆಯ ಬೀದಿ. ಎರಡೂ ಬದಿ ಕೆಂಪು ಇಟ್ಟಿಗೆಯ, ಗಾರೆ ಬಳಿದ ಮನೆಗಳು. ಸಾಲಾಗಿ ಎತ್ತರದ ಕಿಟಕಿ, ಬಿಳಿ ಚೌಕಟ್ಟು, ಬಾಗಿಲ ಮೇಲೆ ಬೀಸಣಿಗೆ ಆಕಾರದ ಗಾಜು. ನೋಡಿದ ತಕ್ಷಣ 'ಓಹೋ, ಹದಿನೆಂಟನೇ ಶತಮಾನ' ಅನ್ನಿಸುತ್ತದೆ. ಆದರೆ ಎರಡು ಮನೆಗಳ ನಡುವಿನ ಸಂದಿಯೊಳಕ್ಕೆ ನಾಲ್ಕು ಹೆಜ್ಜೆ ಹೋಗಿ ಪಕ್ಕದ ಗೋಡೆ ನೋಡಿದರೆ ಲೆಕ್ಕ ತಪ್ಪುತ್ತದೆ. ಅಲ್ಲಿ ಇಟ್ಟಿಗೆ ಮುಗಿದು ಹೋಗಿ, ಕಪ್ಪಗಾದ ಓಕ್ ಮರದ ಕಂಬಗಳು, ಅಡ್ಡತೊಲೆಗಳು, ನಡುವೆ ಸುಣ್ಣ ಬಳಿದ ಗೋಡೆ ಕಾಣುತ್ತವೆ. ಬೀದಿಗೆ ಕಾಣುವ ಮುಖ 1700ರ ಆಚೀಚಿನದು. ಮೈ ಅದಕ್ಕಿಂತ ನೂರು, ಇನ್ನೂರು ವರ್ಷ ಹಿಂದಿನದು. ಇನ್ನೂ ಸ್ವಲ್ಪ ಯೋಚಿಸಿದರೆ ಮೂರನೆಯದೊಂದು ವಯಸ್ಸೂ ಇದೆ: ಮನೆ ನಿಂತಿರುವ ಸೈಟಿನದು. ಅದು ಎಲ್ಲಕ್ಕಿಂತ ಹಳೆಯದು. ಈ ಬೀದಿಯ ಅತ್ಯಂತ ಪುರಾತನ ವಸ್ತು ಯಾವುದೆಂದು ಕೇಳಿದರೆ ನಾನು ಯಾವ ಮನೆಯನ್ನೂ ತೋರಿಸುವುದಿಲ್ಲ, ಎರಡು ಮನೆಗಳ ನಡುವಿನ ಗಡಿಗೆರೆಯನ್ನು ತೋರಿಸುತ್ತೇನೆ.

ಆ ಗಡಿಯ ಕಥೆಯಿಂದಲೇ ಶುರುಮಾಡಬೇಕು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ವೇಲ್ಸ್ ಗಡಿ ಕಾಯುವ ಹೊಣೆ ಹೊತ್ತ ಮನೆತನಗಳಲ್ಲಿ ಡಿ ಲೇಸಿಗಳದು ಒಂದು. ಹನ್ನೊಂದನೇ ಶತಮಾನದ ಕೊನೆಯಲ್ಲಿ ಅವರು ಇಲ್ಲಿ ಕೋಟೆ ಕಟ್ಟಿಸಿದರು. ಕೋಟೆಯೊಂದೇ ಇದ್ದರೆ ಖರ್ಚು. ಪಕ್ಕದಲ್ಲೊಂದು ಊರು ಇದ್ದರೆ ಆದಾಯ. ಹಾಗಾಗಿ ಕೋಟೆಯ ಬಾಗಿಲಿನಿಂದ ಪೂರ್ವಕ್ಕೆ ಅಗಲವಾದ ಸಂತೆ ಬೀದಿ ಬಿಟ್ಟು, ಅದರಿಂದ ದಕ್ಷಿಣಕ್ಕೆ ನದಿಯತ್ತ ಬೀದಿಗಳನ್ನೆಳೆದು, ಬೀದಿಯ ಎರಡೂ ಬದಿ ಜಾಗವನ್ನು ಅಳೆದು ಹಂಚಿದರು. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಲೇಔಟ್.

ಹೀಗೆ ಹಂಚಿದ ಸೈಟಿಗೆ ಬರ್ಗೇಜ್ ಎಂದು ಹೆಸರು. ಅದನ್ನು ಹಿಡಿದವನು ಧಣಿಯ ಹೊಲದಲ್ಲಿ ಬಿಟ್ಟಿ ದುಡಿಯಬೇಕಿಲ್ಲ. ವರ್ಷಕ್ಕಿಷ್ಟು ಎಂದು ನಗದು ಕಂದಾಯ ಕೊಟ್ಟರೆ ಮುಗಿಯಿತು. ಇಂಗ್ಲೆಂಡಿನ ಅನೇಕ ಊರುಗಳಲ್ಲಿ ಅದು ಒಂದು ಶಿಲ್ಲಿಂಗ್. ಸೈಟನ್ನು ಮಾರಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು, ಭಾಗ ಮಾಡಬಹುದು. ಹಳ್ಳಿಯ ಜೀತದ ರೈತನಿಗೆ ಇದು ಕನಸಿನ ಮಾತು. ಸಂತೆ ಊರುಗಳಿಗೆ ಜನ ಬಂದು ಸೇರಿದ್ದಕ್ಕೆ ವ್ಯಾಪಾರದಷ್ಟೇ ಈ ಸ್ವಾತಂತ್ರ್ಯವೂ ಕಾರಣ.

ಸೈಟಿನ ಆಕಾರ ನೋಡಿ. ಬೀದಿ ಕಡೆ ಸಣ್ಣ ಮುಖ, ಹಿಂದಕ್ಕೆ ಉದ್ದೋ ಉದ್ದ. ಲಡ್ಲೋದಲ್ಲಿ ಬೀದಿ ಮುಖದ ಅಳತೆ ಮತ್ತೆ ಮತ್ತೆ 33 ಅಡಿಯ ಹತ್ತಿರಕ್ಕೆ ಬರುತ್ತದೆ. ಆ ಕಾಲದ ಭೂಮಿ ಅಳೆಯುವ ಕೋಲು ಹದಿನಾರೂವರೆ ಅಡಿ. ಎರಡು ಕೋಲಿಗೆ 33. ಎಲ್ಲರಿಗೂ ಸಂತೆ ಬೀದಿಗೆ ಮುಖ ಬೇಕು, ಮುಖವಿದ್ದರೆ ಅಂಗಡಿ, ಅಂಗಡಿಯಿದ್ದರೆ ಗಿರಾಕಿ. ಅದಕ್ಕೇ ಮುಖವನ್ನು ಜಿಪುಣತನದಿಂದ ಕೊಟ್ಟು ಹಿಂದೆ ಧಾರಾಳವಾಗಿ ಬಿಟ್ಟರು. ಹಿತ್ತಿಲಲ್ಲಿ ಬಾವಿ, ಹಂದಿಗೂಡು, ಕುದುರೆ ಲಾಯ, ಬಿಯರ್ ಕಾಯಿಸುವ ಕೊಟ್ಟಿಗೆ, ತರಕಾರಿ ಪಾತಿ.

ಮನೆ ಸುಟ್ಟರೆ ಮತ್ತೆ ಕಟ್ಟುತ್ತಾರೆ, ಹಳತಾದರೆ ಕೆಡವುತ್ತಾರೆ. ಗಡಿ ಮಾತ್ರ ಅಲುಗುವುದಿಲ್ಲ, ಏಕೆಂದರೆ ಆಚೆ ಪಕ್ಕದ ಮನೆಯವನಿದ್ದಾನೆ! ಒಬ್ಬ ಇಂಚು ಸರಿದರೆ ಇನ್ನೊಬ್ಬ ನ್ಯಾಯಾಲಯಕ್ಕೆ. ಅಕ್ಕಪಕ್ಕದ ಎರಡು ಸೈಟು ಕೊಂಡು ದೊಡ್ಡ ಮನೆ ಕಟ್ಟಿಸಿದ ಸಿರಿವಂತರಿದ್ದಾರೆ, ಒಂದನ್ನು ಅಣ್ಣತಮ್ಮಂದಿರು ಎರಡಾಗಿ, ಮೂರಾಗಿ ಒಡೆದದ್ದೂ ಇದೆ. ಒಟ್ಟುಗೂಡಿದ್ದು, ಒಡೆದದ್ದು ಎರಡರ ಅಡಿಯಲ್ಲೂ ಹಳೆಯ ಅಳತೆಯೇ. ಬೀದಿಯಲ್ಲಿ ಒಂದು ಮನೆ ಇನ್ನೊಂದರ ಸರಿಯಾಗಿ ಅರ್ಧದಷ್ಟು ಅಗಲವಿದ್ದರೆ ಅದು ಆಕಸ್ಮಿಕವಲ್ಲ.

ಸಂತೆ ಬೀದಿಯಲ್ಲಿ ಮಾತ್ರ ಈ ಶಿಸ್ತು ಉಳಿಯಲಿಲ್ಲ. ಕೋಟೆಯಿಂದ ಬುಲ್ ರಿಂಗ್ ಎಂಬ ದನದ ಸಂತೆಯ ಜಾಗದವರೆಗೆ ಹಾಸಿದ್ದ ಆ ಅಗಲವಾದ ಬಯಲಿನ ನಡುವೆ ವಾರಕ್ಕೊಮ್ಮೆ ಚಪ್ಪರ ಹಾಕುತ್ತಿದ್ದವರು ಚಪ್ಪರವನ್ನು ಬಿಚ್ಚುವುದು ಬಿಟ್ಟರು. ಚಪ್ಪರ ಗೂಡಂಗಡಿಯಾಯಿತು, ಗೂಡಂಗಡಿ ಮಾಳಿಗೆ ಮನೆಯಾಯಿತು. ಇವತ್ತು ಕಿಂಗ್ ಸ್ಟ್ರೀಟ್, ಚರ್ಚ್ ಸ್ಟ್ರೀಟ್, ಹಾರ್ಪ್ ಲೇನ್ ಎಂದು ಕೈಚಾಚಿದರೆ ಎರಡೂ ಗೋಡೆ ಸಿಗುವಂತೆ ತೋರುವ ಇಕ್ಕಟ್ಟಿನ ಓಣಿಗಳಿವೆಯಲ್ಲ, ಅವು ಒಂದು ಕಾಲದಲ್ಲಿ ಅಂಗಡಿ ಸಾಲುಗಳ ನಡುವಿನ ದಾರಿ. ಈ ಮನೆಗಳಿಗೆ ಹಿತ್ತಿಲೇ ಇಲ್ಲ. ಯಾವುದೇ ಇಂಗ್ಲಿಷ್ ಸಂತೆ ಊರಿನಲ್ಲಿ ಹಿತ್ತಿಲಿಲ್ಲದ ಹಳೆಯ ಮನೆಗಳ ಗುಂಪು ಕಂಡರೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಇದು ಸಂತೆಯನ್ನು ಒತ್ತುವರಿ ಮಾಡಿದ್ದೇ?

ಇನ್ನು ಮೈ. ಹದಿನೇಳನೇ ಶತಮಾನದವರೆಗೆ ಲಡ್ಲೋದಲ್ಲಿ ಮನೆಯೆಂದರೆ ಬಹುಪಾಲು ಓಕ್ ಮರದ ಚೌಕಟ್ಟು. ಮರವನ್ನು ಒಣಗಿಸುತ್ತಿರಲಿಲ್ಲ. ಒಣಗಿದ ಓಕ್ ಕಬ್ಬಿಣದ ಹಾಗೆ, ಉಳಿ ಇಳಿಯುವುದಿಲ್ಲ. ಹಸಿ ಮರವನ್ನೇ ಕಡಿದು, ಬಡಗಿಯ ಅಂಗಳದಲ್ಲಿ ಇಡೀ ಗೋಡೆಯನ್ನು ನೆಲದ ಮೇಲೆ ಮಲಗಿಸಿ ಜೋಡಿಸುತ್ತಿದ್ದರು. ಒಂದು ತೊಲೆಯ ತುದಿಯನ್ನು ನಾಲಿಗೆಯಂತೆ ಕೆತ್ತಿ, ಇನ್ನೊಂದರಲ್ಲಿ ಕೊರೆದ ಕುಳಿಗೆ ಕೂರಿಸಿ, ಅಡ್ಡಲಾಗಿ ಮರದ ಗೂಟ ಬಡಿಯುವುದು. ಮೊಳೆಯ ಕೆಲಸವಿಲ್ಲ. ಇದರಲ್ಲೊಂದು ಜಾಣ್ಮೆಯಿದೆ: ನಾಲಿಗೆಯ ತೂತನ್ನು ಕುಳಿಯ ತೂತಿಗಿಂತ ಒಂದು ಕೂದಲೆಳೆ ಒಳಗೆ ಕೊರೆಯುತ್ತಾರೆ. ಗೂಟ ಬಡಿದಂತೆ ಅದು ಎರಡನ್ನೂ ಹತ್ತಿರಕ್ಕೆಳೆದು ಬಿಗಿಯುತ್ತದೆ. ಮರ ಒಣಗುತ್ತಾ ಹೋದಂತೆ ಬಿಗಿ ಇನ್ನೂ ಹೆಚ್ಚುತ್ತದೆ.

ಆಮೇಲೆ ಎಲ್ಲ ಬಿಚ್ಚಿ, ಗಾಡಿಯಲ್ಲಿ ಹೇರಿಕೊಂಡು ಹೋಗಿ ಸೈಟಿನಲ್ಲಿ ನಿಲ್ಲಿಸಬೇಕು. ಯಾವ ತೊಲೆ ಯಾವ ಕಂಬಕ್ಕೆ ಎಂದು ಗೊತ್ತಾಗುವುದು ಹೇಗೆ? ಕೂಡುವ ಎರಡೂ ಕಡೆ ಉಳಿಯಿಂದ ಒಂದೇ ಅಂಕಿ ಕೊರೆದರು, ರೋಮನ್ ಅಂಕಿ. ಉಳಿಗೆ ದುಂಡಗಿನ ಗೀಟು ಕಷ್ಟ, ನೇರ ಗೀಟು ಸುಲಭ. ನಾಲ್ಕಕ್ಕೆ ಪುಸ್ತಕದ ಕ್ರಮದಲ್ಲಿ ಐದರಿಂದ ಒಂದು ಕಳೆಯುವ ಗೋಜಿಲ್ಲ, ಸುಮ್ಮನೆ ನಾಲ್ಕು ಗೀಟು. ಹಳೆಯ ಮನೆಯೊಂದರ ಮಾಳಿಗೆಯಲ್ಲಿ ಟಾರ್ಚನ್ನು ಗೋಡೆಗೆ ಒರಗಿಸಿ, ಬೆಳಕು ಓರೆಯಾಗಿ ಬೀಳುವಂತೆ ಹಿಡಿದರೆ ಈ ಗೀಟುಗಳು ಎದ್ದು ಕಾಣುತ್ತವೆ. ನೇರವಾಗಿ ಬೆಳಕು ಬಿಟ್ಟರೆ ಏನೂ ಕಾಣದು. ಅನುಕ್ರಮ ತಪ್ಪಿದ್ದರೆ, ಎಂದರೆ ಆರರ ಪಕ್ಕ ಹನ್ನೊಂದಿದ್ದರೆ, ಆ ಮರ ಬೇರೆಲ್ಲಿಂದಲೋ ಬಂದದ್ದು ಅಥವಾ ನಡುವಿನ ಭಾಗ ಮಾಯವಾಗಿದೆ ಎಂದರ್ಥ.

ಚೌಕಟ್ಟಿನ ನಡುವಿನ ಖಾಲಿ ಜಾಗಕ್ಕೆ ತಡಿಕೆ ಹೆಣೆದು, ಮಣ್ಣು, ಸಗಣಿ, ಹುಲ್ಲು ಕಲಸಿ ಮೆತ್ತಿ, ಮೇಲೆ ಸುಣ್ಣ. ಗೋಡೆ ಭಾರ ಹೊರುವುದಿಲ್ಲ, ಹೊರುವುದೆಲ್ಲ ಮರ. ಮುಂದೆ ನಡೆದ ವೇಷ ಬದಲಾವಣೆಗೆ ಇದೇ ದಾರಿ ಮಾಡಿಕೊಟ್ಟಿತು. ಮುಂದಿನ ಗೋಡೆಯನ್ನು ಪೂರ್ತಿ ಕಿತ್ತರೂ ಮನೆ ಬೀಳುವುದಿಲ್ಲ.

ಹಸಿ ಮರ ಒಣಗುವಾಗ ತಿರುಚಿಕೊಳ್ಳುತ್ತದೆ. ಲಡ್ಲೋ ಮನೆಗಳ ಸೊಟ್ಟ ಸೊಟ್ಟ ನೆಲ, ವಾಲಿದ ಬಾಗಿಲು ನೋಡಿ 'ನಾನೂರು ವರ್ಷದ ಭಾರಕ್ಕೆ ಬಾಗಿದೆ' ಎಂದು ಜನ ಮರುಗುತ್ತಾರೆ. ಬಹಳಷ್ಟು ಸೊಟ್ಟ ಮೊದಲ ಕೆಲವು ವರ್ಷಗಳಲ್ಲೇ ಆದದ್ದು. ಹಸಿ ಮರ ಬಳಸಿದ್ದರಿಂದ ಇನ್ನೊಂದು ಲಾಭವೂ ಇದೆ. ಮರ ಕಡಿದ ಒಂದೆರಡು ವರ್ಷದೊಳಗೆ ಮನೆ ಎದ್ದಿರುತ್ತದೆ. ಆದ್ದರಿಂದ ತೊಲೆಗೆ ಪೆನ್ಸಿಲ್ ಗಾತ್ರದ ತೂತು ಕೊರೆದು, ವರ್ಷಕ್ಕೊಂದರಂತೆ ಬೆಳೆದ ಉಂಗುರಗಳ ದಪ್ಪ–ತೆಳುವಿನ ಕ್ರಮವನ್ನು ವರ್ಷ ಗೊತ್ತಿರುವ ಓಕ್ ಮರಗಳ ಕ್ರಮಕ್ಕೆ ಹೋಲಿಸಿದರೆ ಮನೆಯ ವಯಸ್ಸು ಸಿಗುತ್ತದೆ. ತೊಗಟೆಯ ಅಂಚಿನ ಕೊನೆಯ ಉಂಗುರ ಉಳಿದಿದ್ದರೆ ಕಡಿದ ವರ್ಷವನ್ನೇ ಹೇಳಬಹುದು.

ಮರದ ಮನೆಯ ಠೀವಿ ನೋಡಬೇಕೆಂದರೆ ಫೆದರ್ಸ್ ಹೋಟೆಲಿನ ಮುಂದೆ ನಿಲ್ಲಬೇಕು. 1619ರಲ್ಲಿ ರೀಸ್ ಜೋನ್ಸ್ ಎಂಬ ವಕೀಲ ಕಟ್ಟಿಸಿಕೊಂಡ ಮನೆ ಅದು. ಆಗ ಲಡ್ಲೋ ಕೋಟೆಯಲ್ಲಿ ವೇಲ್ಸ್ ಮತ್ತು ಗಡಿನಾಡನ್ನು ಆಳುವ ಮಂಡಳಿಯ ಕಚೇರಿಯಿತ್ತು, ಅದೇ ಕೋರ್ಟೂ ಹೌದು. ಕಕ್ಷಿದಾರರು ಬಂದಲ್ಲಿ ವಕೀಲರು, ವಕೀಲರಿದ್ದಲ್ಲಿ ಒಳ್ಳೆಯ ಮನೆ. ಮೂರು ತ್ರಿಕೋನ ಮುಂಬಾಗು, ಪ್ರತಿ ಅಂತಸ್ತೂ ಕೆಳಗಿನದಕ್ಕಿಂತ ಬೀದಿಗೆ ಚಾಚಿಕೊಂಡಿದೆ, ಮರದ ತುಂಡುಗಳಲ್ಲೇ ಚಿತ್ತಾರ. ಅಷ್ಟೊಂದು ಮರ ಕಟ್ಟಡ ನಿಲ್ಲಲು ಬೇಕಿಲ್ಲ. ಕಾಲು ಭಾಗ ಸಾಕಿತ್ತು. ಉಳಿದದ್ದು 'ನನ್ನ ಹತ್ತಿರ ಇದೆ' ಎಂದು ಸಾರುವುದಕ್ಕೆ. ಅಂತಸ್ತನ್ನು ಚಾಚುವುದರಿಂದ ಒಳಗೆ ಜಾಗ ಸಿಗುತ್ತದೆ, ಕೆಳಗಿನ ಗೋಡೆಗೆ ಮಳೆ ತಾಗದು, ಜಂತೆಗಳು ನಡುವೆ ಜಗ್ಗುವುದು ಕಡಿಮೆಯಾಗುತ್ತದೆ ಎಂದೆಲ್ಲ ಕಾರಣ ಕೊಡುತ್ತಾರೆ. ಎಲ್ಲವೂ ಸ್ವಲ್ಪ ಸ್ವಲ್ಪ ನಿಜವೇ. ನನಗೆ ಮಾತ್ರ ಡೌಲೇ ದೊಡ್ಡ ಕಾರಣವೆನಿಸುತ್ತದೆ, ಏಕೆಂದರೆ ಬೀದಿ ಕಡೆ ಚಾಚಿದ ಎಷ್ಟೋ ಮನೆಗಳು ಯಾರೂ ನೋಡದ ಹಿತ್ತಿಲ ಕಡೆ ನೆಟ್ಟಗೆ ನಿಂತಿವೆ.

ಕಪ್ಪು ಮರ, ಬಿಳಿ ಗೋಡೆ ಎಂಬ ಪ್ರಸಿದ್ಧ ಜೋಡಿಯ ಬಗ್ಗೆ ಒಂದು ಮಾತು. ಇಷ್ಟು ಗಾಢ ಕಪ್ಪು ಬಹುಮಟ್ಟಿಗೆ ಹತ್ತೊಂಬತ್ತನೇ ಶತಮಾನದ ಷೋಕಿ. ಅದಕ್ಕೂ ಮೊದಲು ಎಷ್ಟೋ ಕಡೆ ಮರವನ್ನು ಹಾಗೇ ಬಿಡುತ್ತಿದ್ದರು, ಅದು ಬೂದು ಬೆಳ್ಳಿ ಬಣ್ಣಕ್ಕೆ ತಿರುಗುತ್ತಿತ್ತು. ಇಲ್ಲವೇ ಮರ, ಗೋಡೆ ಎನ್ನದೆ ಎಲ್ಲದರ ಮೇಲೂ ಸುಣ್ಣ ಬಳಿಯುತ್ತಿದ್ದರು. ಕ್ಯಾಲೆಂಡರಿನಲ್ಲಿ ಕಾಣುವ 'ಹಳೆಯ ಇಂಗ್ಲೆಂಡ್' ಅಷ್ಟೇನೂ ಹಳೆಯದಲ್ಲ.

1689ರಲ್ಲಿ ಗಡಿನಾಡ ಮಂಡಳಿಯನ್ನು ರದ್ದು ಮಾಡಿದರು. ಕೋರ್ಟು ಹೋದ ಮೇಲೆ ಊರು ಮುಗಿಯಬೇಕಿತ್ತು. ಹಾಗಾಗಲಿಲ್ಲ. ಸುತ್ತಲಿನ ಜಮೀನ್ದಾರರು ಚಳಿಗಾಲ ಕಳೆಯಲು, ಹೆಣ್ಣುಮಕ್ಕಳಿಗೆ ಸಂಬಂಧ ನೋಡಲು, ನೃತ್ಯಕೂಟ, ಕುದುರೆ ರೇಸು ಎಂದು ಲಡ್ಲೋಗೆ ಬಂದು ಬ್ರಾಡ್ ಸ್ಟ್ರೀಟ್, ಮಿಲ್ ಸ್ಟ್ರೀಟುಗಳಲ್ಲಿ ಬಿಡಾರ ಮಾಡತೊಡಗಿದರು. ಅವರ ಕಣ್ಣಿಗೆ ಮರದ ಮನೆ ಎಂದರೆ ಅಜ್ಜನ ಕಾಲದ ಗುಡಿಸಲು. ಲಂಡನ್ನಿನಲ್ಲಿ ಇಟ್ಟಿಗೆ, ಸಾಲು ಕಿಟಕಿ, ಎಡಕ್ಕೂ ಬಲಕ್ಕೂ ಒಂದೇ ಲೆಕ್ಕ ಎಂಬ ಹೊಸ ರುಚಿ ಬಂದಿತ್ತು. ಪೂರ್ತಿ ಕೆಡವಿ ಕಟ್ಟಲು ದುಡ್ಡಿದ್ದವರು ಕಟ್ಟಿದರು. ಉಳಿದವರು ಮುಖ ಬದಲಿಸಿದರು.

ಹೇಗೆ ಬದಲಿಸಿದರು? ಚಾಚಿದ ಅಂತಸ್ತಿನ ಅಂಚಿಗೆ ಸರಿಯಾಗಿ ನೆಲದಿಂದ ಇಟ್ಟಿಗೆ ಗೋಡೆ ಎಬ್ಬಿಸಿದರೆ ಕೆಳಮನೆಗೆ ಒಂದೆರಡು ಅಡಿ ಹೆಚ್ಚುವರಿಯಾಗಿ ದಕ್ಕುತ್ತದೆ, ಬೀದಿಯ ಲೆಕ್ಕದಲ್ಲಿ! ಇಲ್ಲವೇ ಚಾಚಿದ್ದನ್ನು ಗರಗಸದಿಂದ ಕೊಯ್ದು ಗೋಡೆಯನ್ನು ನೆಟ್ಟಗೆ ಮಾಡುವುದು. ಮೇಲೆ ಇಟ್ಟಿಗೆಯ ಕೈಪಿಡಿ ಗೋಡೆ ಎತ್ತರಿಸಿ ಹಳೆಯ ತ್ರಿಕೋನ ಮಾಡನ್ನು ಮರೆಮಾಡುವುದು. ದುಡ್ಡು ಇನ್ನೂ ಕಡಿಮೆಯಿದ್ದರೆ ಮರಕ್ಕೆ ಪಟ್ಟಿ ಹೊಡೆದು ಗಾರೆ ಬಳಿದು, ಕಲ್ಲಿನಂತೆ ಗೆರೆ ಎಳೆಯುವುದು.

ಗುಟ್ಟು ರಟ್ಟಾಗುವ ಜಾಗಗಳು ಕೆಲವಿವೆ. ರಸ್ತೆಯಾಚೆ ನಿಂತು ಛಾವಣಿ ನೋಡಿ: ಅಚ್ಚುಕಟ್ಟಾದ ಮುಖದ ಹಿಂದೆ ಕಡಿದಾದ, ಡೊಂಕು ಬೆನ್ನಿನ ಹೆಂಚಿನ ಮಾಡು ಇಣುಕುತ್ತಿದ್ದರೆ ಅನುಮಾನಿಸಿ. ಕಿಟಕಿಗಳ ಸಾಲು ಅಕ್ಕಪಕ್ಕದಲ್ಲಿ ಸಮವಾಗಿದ್ದೂ ಒಳಗಿನ ನೆಲ ಕಿಟಕಿಯ ನಡುವೆ ಹಾದುಹೋಗುತ್ತಿದ್ದರೆ, ಮುಖ ಮತ್ತು ಮೈ ಒಂದೇ ಕಾಲದವಲ್ಲ. ಮುಂಬಾಗಿಲಿನಿಂದ ಒಳಹೊಕ್ಕ ತಕ್ಷಣ ಮಾಡು ತಲೆಗೆ ತಾಗುವಷ್ಟು ತಗ್ಗಾದರೂ ಅಷ್ಟೇ. ಇದಕ್ಕೆ ಊರಿನ ಅತ್ಯಂತ ಚಂದದ ಉದಾಹರಣೆ ಮಿಲ್ ಸ್ಟ್ರೀಟಿನ ಗಿಲ್ಡ್‌ಹಾಲ್. ಹೊರಗಿನಿಂದ 1768ರ ಗೋಥಿಕ್ ಶೈಲಿಯ ಮೊನಚು ಕಮಾನುಗಳ ಮುಖ, ಥಾಮಸ್ ಫಾರ್ನಾಲ್ಸ್ ಪ್ರಿಚರ್ಡ್ ಎಂಬ ವಾಸ್ತುಶಿಲ್ಪಿಯದು; ಶ್ರಾಪ್‌ಶೈರಿನ ಪ್ರಸಿದ್ಧ ಕಬ್ಬಿಣದ ಸೇತುವೆಗೆ ಮೊದಲ ನಕ್ಷೆ ಹಾಕಿಕೊಟ್ಟವನೂ ಅವನೇ. ಒಳಗೆ ಪಾಮರ್ಸ್ ಗಿಲ್ಡ್ ಎಂಬ ಮಧ್ಯಯುಗದ ಧಾರ್ಮಿಕ ಸಂಘದ ಮರದ ಸಭಾಮಂಟಪ. ಈ ಸಂಘಕ್ಕೆ ಊರಲ್ಲಿ ಬೇಕಾದಷ್ಟು ಮನೆಗಳ ಬಾಡಿಗೆ ಬರುತ್ತಿತ್ತು. ಹದಿನಾರನೇ ಶತಮಾನದ ಮಧ್ಯದಲ್ಲಿ ಸಂಘ ಹೋಗಿ ಆಸ್ತಿ ಊರಿನ ಆಡಳಿತದ ಕೈಗೆ ಬಂತು, ಕಾಗದಪತ್ರಗಳೂ ಬಂದವು. ಲಡ್ಲೋದ ಮನೆಗಳ ಚರಿತ್ರೆ ಇಷ್ಟು ವಿವರವಾಗಿ ಸಿಗುವುದಕ್ಕೆ ಆ ಬಾಡಿಗೆ ಲೆಕ್ಕಗಳೇ ಆಧಾರ.

ಇಟ್ಟಿಗೆ ಮುಖದ ವಯಸ್ಸು ಹೇಳುವುದಕ್ಕೆ ಕಿಟಕಿ ಸಾಕು. ಮೇಲೆ ಕೆಳಗೆ ಜಾರುವ ಸ್ಯಾಶ್ ಕಿಟಕಿಯ ಪಕ್ಕದ ಮರದ ಪೆಟ್ಟಿಗೆಯೊಳಗೆ ಹಗ್ಗಕ್ಕೆ ಕಟ್ಟಿದ ತೂಕದ ಗುಂಡು ಇರುತ್ತದೆ, ಅದಕ್ಕೇ ಎತ್ತಿದ ಕಿಟಕಿ ಎತ್ತಿದಲ್ಲೇ ನಿಲ್ಲುವುದು. ಗಾಜುಗಳ ನಡುವಿನ ಮರದ ಕಡ್ಡಿ ಹೆಬ್ಬೆರಳಿಗಿಂತ ದಪ್ಪವಿದ್ದು, ಚೌಕಟ್ಟು ಗೋಡೆಯ ಮಟ್ಟದಲ್ಲೇ ಇದ್ದರೆ ಹದಿನೆಂಟನೇ ಶತಮಾನದ ಆರಂಭ. ಕಡ್ಡಿ ಕಿರುಬೆರಳಿಗಿಂತ ತೆಳುವಾಗಿ, ಚೌಕಟ್ಟು ಗೋಡೆಯೊಳಗೆ ಹಿಂದೆ ಸರಿದಿದ್ದರೆ ಆ ಶತಮಾನದ ಕೊನೆ ಅಥವಾ ಆಮೇಲಿನದು. ಚೌಕಟ್ಟು ಹಿಂದೆ ಸರಿದದ್ದು ಬೆಂಕಿಯ ಭಯದಿಂದ. ಲಂಡನ್ನಿನಲ್ಲಿ 1709ರ ಮತ್ತು 1774ರ ಕಾಯ್ದೆಗಳು ಹಾಗೆ ಮಾಡಿಸಿದವು. ಲಡ್ಲೋಗೆ ಆ ಕಾಯ್ದೆ ಅನ್ವಯವಾಗುತ್ತಿರಲಿಲ್ಲ. ಲಂಡನ್ ಮಾಡಿದ್ದನ್ನು ಮಾಡುವ ಚಪಲ ಅನ್ವಯವಾಯಿತು. ಮುಚ್ಚಿದ ಕಿಟಕಿ ಕಂಡಲ್ಲೆಲ್ಲ ಮಾರ್ಗದರ್ಶಿಗಳು 'ಕಿಟಕಿ ತೆರಿಗೆ' ಎನ್ನುತ್ತಾರೆ. 1696ರಿಂದ 1851ರವರೆಗೆ ಅಂಥ ತೆರಿಗೆ ಇದ್ದದ್ದು ನಿಜ, ತೆರಿಗೆ ಉಳಿಸಲು ಮುಚ್ಚಿದವರೂ ಇದ್ದರು. ಆದರೆ ಹಿಂದೆ ಹೊಗೆಗೂಡೋ ಮೆಟ್ಟಿಲೋ ಇರುವ ಕಡೆ, ಎಡಬಲ ಸಮವಾಗಿ ಕಾಣಲಿ ಎಂದು ಮೊದಲೇ ಕುರುಡು ಕಿಟಕಿ ಕಟ್ಟಿದ ಮನೆಗಳು ಸಾಕಷ್ಟಿವೆ. ಮುಚ್ಚಿದ ಕಿಟಕಿಯೆಲ್ಲ ತೆರಿಗೆಯ ಕಿಟಕಿಯಲ್ಲ.

ಈ ಇಟ್ಟಿಗೆ ಕಾಲದ ಲಡ್ಲೋಗೆ ನಮ್ಮ ನಾಡಿನೊಂದಿಗೂ ಒಂದು ನಂಟಿದೆ, ಅಷ್ಟೇನೂ ಸಿಹಿಯಲ್ಲದ ನಂಟು. ಬಂಗಾಳವನ್ನು ದೋಚಿದ ರಾಬರ್ಟ್ ಕ್ಲೈವನ ಮಗ ಎಡ್ವರ್ಡ್ ಕ್ಲೈವ್ 1774ರಿಂದ 1794ರವರೆಗೆ ಲಡ್ಲೋದ ಸಂಸದ. 1798ರಲ್ಲಿ ಮದರಾಸಿನ ಗವರ್ನರನಾಗಿ ಬಂದ; 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸತ್ತಾಗ ಆ ಹುದ್ದೆಯಲ್ಲಿದ್ದವನು ಇವನೇ. ಟಿಪ್ಪುವಿನ ಡೇರೆ, ಸಿಂಹಾಸನದ ಚಿನ್ನದ ಹುಲಿತಲೆಯೊಂದು ಇವತ್ತಿಗೂ ಆ ಮನೆತನದ ಪೋವಿಸ್ ಕೋಟೆಯಲ್ಲಿವೆ, ವೇಲ್ಸಿನಲ್ಲಿ. ಊರಿಗೆ ಮರಳಿದ ಎಡ್ವರ್ಡ್ ಕ್ಲೈವ್ 1811ರಲ್ಲಿ ಪಾಳುಬಿದ್ದ ಲಡ್ಲೋ ಕೋಟೆಯನ್ನು ಸರ್ಕಾರದಿಂದ ಕೊಂಡ. ಅದೇ ವರ್ಷ ಕೋಟೆಯ ಪಕ್ಕದ ಡಿನಮ್ ಹೌಸ್ ಎಂಬ ಇಟ್ಟಿಗೆ ಬಂಗಲೆಯಲ್ಲಿ ನೆಪೋಲಿಯನ್ನನ ತಮ್ಮ ಲೂಸಿಯನ್ ಬೊನಪಾರ್ಟೆಯನ್ನು ಬ್ರಿಟಿಷರು ಮರ್ಯಾದೆಯ ಸೆರೆಯಲ್ಲಿಟ್ಟಿದ್ದರು.

ಮುಂದಿನ ಬೀದಿಯಲ್ಲಿ ಹೀಗೆ ದೊಡ್ಡವರ ಓಡಾಟ. ಹಿತ್ತಿಲಲ್ಲಿ ಬೇರೆಯದೇ ಊರು. ಲಡ್ಲೋದಲ್ಲಿ ಆಗ ಚರ್ಮದ ಕೈಗವಸು ಹೊಲಿಯುವ ಕಸುಬು ಜೋರಾಗಿತ್ತು. ಕೆಲಸಕ್ಕೆ ಬಂದವರಿಗೆ ಸೂರು ಬೇಕಲ್ಲ? ಉದ್ದನೆಯ ಬರ್ಗೇಜ್ ಹಿತ್ತಿಲುಗಳಲ್ಲಿ ಒಂದು ಬದಿಯ ಗೋಡೆಗೆ ಒರಗಿಸಿ ಒಂದೊಂದು ಕೋಣೆಯ ಮನೆಗಳನ್ನು ಸಾಲಾಗಿ ಕಟ್ಟಿ ಬಾಡಿಗೆಗೆ ಬಿಟ್ಟರು. ನಮ್ಮ ವಠಾರದ ಹಾಗೆಯೇ: ಬೀದಿಯಿಂದ ಸಂದಿ, ಸಂದಿಯ ಕೊನೆಗೆ ಸಾಲು ಬಾಗಿಲು, ಎಲ್ಲರಿಗೂ ಒಂದೇ ನೀರಿನ ಪಂಪು, ಒಂದೇ ಕಕ್ಕಸು. 1826ರಲ್ಲಿ ಹೊರದೇಶದ ಕೈಗವಸುಗಳ ಮೇಲಿನ ನಿಷೇಧ ತೆರವಾಗಿ ಫ್ರಾನ್ಸಿನ ಮಾಲು ಬಂತು, ಕಸುಬು ಕುಸಿಯಿತು. 1852ರಲ್ಲಿ ರೈಲು ಬಂದರೂ ದೊಡ್ಡ ಕಾರ್ಖಾನೆ ಬರಲಿಲ್ಲ. ಕೆಡವಿ ಕಟ್ಟಲು ದುಡ್ಡಿಲ್ಲದ ಕಾರಣಕ್ಕೇ ಮುಂದಿನ ಬೀದಿಗಳು ಉಳಿದವು. ಹಿತ್ತಿಲ ವಠಾರಗಳನ್ನು ಮಾತ್ರ ಇಪ್ಪತ್ತನೇ ಶತಮಾನದಲ್ಲಿ ಬಹುಪಾಲು ಕೆಡವಿದರು. ಸಂರಕ್ಷಣೆ ಎಂಬುದು ಕಣ್ಣಿಗೆ ಚಂದ ಕಂಡದ್ದನ್ನೇ ಉಳಿಸುತ್ತದೆ. ಕೈಗವಸು ಹೊಲಿದವರ ಮನೆ ನೋಡಬೇಕೆಂದರೆ ಈಗ ಹೆಚ್ಚೇನೂ ಸಿಗದು.

1947ರ ಯೋಜನಾ ಕಾಯ್ದೆಯ ನಂತರ ಹಳೆಯ ಕಟ್ಟಡಗಳನ್ನು ಪಟ್ಟಿ ಮಾಡುವ ಕೆಲಸ ದೇಶದುದ್ದಕ್ಕೂ ನಡೆಯಿತು. ಮೂರು ದರ್ಜೆ: ಒಂದು, ಎರಡು-ನಕ್ಷತ್ರ, ಎರಡು. ಒಂದನೇ ದರ್ಜೆ ಬಹಳ ಅಪರೂಪ, ಫೆದರ್ಸ್ ಅದರಲ್ಲಿದೆ. ಪಟ್ಟಿಗೆ ಸೇರಿದ ಮನೆಯ ಹೊರಮುಖ ಮಾತ್ರವಲ್ಲ, ಒಳಗಿನ ಮೆಟ್ಟಿಲು, ಬಾಗಿಲು, ಒಲೆಗೂಡು ಕೂಡ ರಕ್ಷಣೆಗೆ ಒಳಪಡುತ್ತವೆ. ಒಪ್ಪಿಗೆಯಿಲ್ಲದೆ ಅವನ್ನು ಕಿತ್ತರೆ ದಂಡವಷ್ಟೇ ಅಲ್ಲ, ಅದು ಅಪರಾಧ. ಸ್ಯಾಶ್ ಕಿಟಕಿ ತೆಗೆದು ಪ್ಲಾಸ್ಟಿಕ್ ಚೌಕಟ್ಟಿನ ಜೋಡಿಗಾಜು ಹಾಕಿಸಿಕೊಳ್ಳಲು ಹೊರಟ ಮಾಲೀಕ ಬರಿಗೈಲಿ ಮರಳುತ್ತಾನೆ. ಜನವರಿಯ ಚಳಿಯಲ್ಲಿ ಅವನ ಗೊಣಗಾಟಕ್ಕೂ ಅರ್ಥವಿದೆ.

ಆದರೆ ಇಂಥ ಮನೆಗೆ ಹೆಚ್ಚು ಹಾನಿ ಮಾಡಿದ್ದು ಕೆಡವುವವರಲ್ಲ, ಒಳ್ಳೆಯ ಮನಸ್ಸಿನಿಂದ ರಿಪೇರಿ ಮಾಡಿದವರು. ಸುಣ್ಣದ ಗಾರೆ ಉಸಿರಾಡುತ್ತದೆ. ಮಳೆಯ ತೇವ ಒಳಗೆ ಬಂದರೂ ಬಿಸಿಲಿಗೆ ಹೊರಗೆ ಹೋಗುತ್ತದೆ. ಇಪ್ಪತ್ತನೇ ಶತಮಾನದಲ್ಲಿ ಅದರ ಮೇಲೆ 'ಗಟ್ಟಿಯಾಗಿರಲಿ' ಎಂದು ಸಿಮೆಂಟು ಬಳಿದರು. ಸಿಮೆಂಟು ಬಿರುಕು ಬಿಡುತ್ತದೆ, ಬಿರುಕಿನಲ್ಲಿ ನೀರು ಇಳಿಯುತ್ತದೆ, ಹೊರಬರಲು ದಾರಿಯಿಲ್ಲದೆ ಹಿಂದಿನ ಓಕ್ ತೊಲೆಯಲ್ಲಿ ಕೂರುತ್ತದೆ. ಮೊದಲು ಕೊಳೆಯುವುದು ನೆಲಕ್ಕೆ ತಾಗಿದ ಅಡಿತೊಲೆ. ನಾನೂರು ವರ್ಷ ನಿಂತ ಮರ ಕೆಲವೇ ದಶಕಗಳಲ್ಲಿ ಬೆರಳು ಹಾಕಿದರೆ ಪುಡಿಯಾಗುತ್ತದೆ. ಹಾಗಾಗಿ ಈಗಿನ ಕೆಲಸಗಾರರ ದಿನದ ಅರ್ಧ ಭಾಗ ಹಿಂದಿನವರ ಸಿಮೆಂಟು ಕೆರೆಯುವುದರಲ್ಲೇ ಹೋಗುತ್ತದೆ.

ಬ್ರಾಡ್ ಸ್ಟ್ರೀಟಿನ ಕೆಳತುದಿಯಲ್ಲಿ ಬ್ರಾಡ್ ಗೇಟ್ ಇದೆ. ಊರ ಗೋಡೆ ಕಟ್ಟಲು ಸುಂಕ ಎತ್ತುವ ಅನುಮತಿ 1233ರಲ್ಲಿ ಸಿಕ್ಕಿತ್ತು. ಆ ಗೋಡೆಯ ದೊಡ್ಡ ಬಾಗಿಲುಗಳಲ್ಲಿ ಇವತ್ತು ನಿಂತಿರುವುದು ಇದೊಂದೇ. ಅದರ ದುಂಡು ಕಲ್ಲಿನ ಬುರುಜುಗಳ ಮೇಲೆ ಹದಿನೆಂಟನೇ ಶತಮಾನದಲ್ಲಿ ಯಾರೋ ಬೀದಿಗೆ ಅಡ್ಡಲಾಗಿ, ಗೋಥಿಕ್ ಕಿಟಕಿಗಳ ಮನೆ ಕಟ್ಟಿಕೊಂಡರು. ಕಮಾನಿನ ಕೆಳಗೆ ಒಂದು ಸಲಕ್ಕೆ ಒಂದೇ ಕಾರು ನುಸುಳಬಹುದು. ಎದುರಿನಿಂದ ಬರುವವನಿಗೆ ದಾರಿ ಬಿಟ್ಟು ಕಾಯುತ್ತಾ, ಚಾಲಕರು ತಲೆಯೆತ್ತಿ ಆ ಕಿಟಕಿಗಳ ಪರದೆ ನೋಡುತ್ತಾರೆ.